ಹತ್ತದ ನೀಲಿ ದೀಪ

28 ಸೆಪ್ಟೆಂಬರ್ 2025, ಭಾನುವಾರ

ಹಾಲು ತಡ. ಗೌಳಿಗೆ ಎರಡೇ ಮಾತು ಹೇಳಿದೆ. ನಾಳೆ ಸರಿಯಾದ ಹೊತ್ತಿಗೆ ಬರುತ್ತಾನೆ.

ಪೂಜೆ, ನವರಾತ್ರಿಯ ಘಟ್ಟದ ದೀಪಕ್ಕೆ ಎಣ್ಣೆ, ರೊಟ್ಟಿ. ಶಂಭುಲಿಂಗ ಎಂಟಕ್ಕೇ ಅಕ್ಕಿ ಮಿಲ್ಲಿಗೆ ಹೋದ. ಮಗ ಅಪ್ಪನಂತೆಯೇ, ಬಾಯಲ್ಲಿ ತುತ್ತು ಇರುವಾಗಲೇ ಚಪ್ಪಲಿ ಹುಡುಕುತ್ತಾನೆ.

ಸೊಸೆ ನೇತ್ರಾ ಹತ್ತಕ್ಕೆ ಮಾಳಿಗೆ ಹತ್ತಿದವಳು ಊಟಕ್ಕೆ ಇಳಿದಳು. ಅಕ್ಟೋಬರ್ ಆರನೇ ತಾರೀಖು, ಸೋಮವಾರ, ಹನ್ನೊಂದೂವರೆಗೆ ಅವಳ ಕೊನೆಯ ಪರೀಕ್ಷೆ. ಗ್ರಂಥಾಲಯದ ಡಿಪ್ಲೊಮಾ. ಅಂಚೆಯಲ್ಲಿ ಪುಸ್ತಕ ತರಿಸಿ ಎರಡು ವರ್ಷ ಓದಿದ್ದಾಳೆ. ಮನೆಯಲ್ಲೇ, ಕಂಪ್ಯೂಟರಿನ ಕ್ಯಾಮೆರಾ ಮುಂದೆ ಒಬ್ಬಳೇ ಕೂತು ಬರೆಯಬೇಕು. ಹಾನಗಲ್ಲಿನ ಒಂದು ಶಾಲೆಯವರು ಗ್ರಂಥಪಾಲಕಿಯ ಜಾಗ ಅವಳಿಗೆಂದು ಇಟ್ಟುಕೊಂಡಿದ್ದಾರೆ. ಪಾಸಾದ ಕಾಗದ ಈ ವರ್ಷದೊಳಗೆ ಬೇಕು. ಈ ಸಲ ತಪ್ಪಿದರೆ ಪರೀಕ್ಷೆ ಮುಂದಿನ ವರ್ಷ, ಜಾಗ ಬೇರೆಯವರಿಗೆ.

ಜೂನ್ ತಿಂಗಳಲ್ಲಿ ಬೀಗರೆಲ್ಲ ಊಟಕ್ಕೆ ಕೂತಾಗ ಹೇಳಿದ್ದೆ. "ಈ ಮನಿ ಸೊಸಿ ಖುರ್ಚಿ ಮ್ಯಾಲೆ ಕುಂತು ಮಂದಿ ಪುಸ್ತಕ ಕಾಯೂದು ನನಗ ಸೇರೂದಿಲ್ಲ." ಅವಳು ಕೈಯಲ್ಲಿದ್ದ ತುಪ್ಪದ ಚಮಚ ಹಾಗೇ ಹಿಡಿದು ನಿಂತಿದ್ದಳು. ಹೇಳಿದ್ದು ಹೇಳಿದ್ದೇ. ಆದರೆ ಓದಬೇಡ ಎಂದು ತಡೆದವಳೂ ಅಲ್ಲ ನಾನು. ಎರಡು ವರ್ಷ ಮಾಳಿಗೆಯ ಮೆಟ್ಟಿಲಿಗೆ ಅಡ್ಡ ಕೂತಿಲ್ಲ.

1 ಅಕ್ಟೋಬರ್, ಬುಧವಾರ. ಸಂಜೆ 5

ಖಂಡೆಪೂಜೆ ಆಯಿತು. ಕುಡಗೋಲು, ಕೊಡಲಿ, ತಕ್ಕಡಿ, ಟ್ರ್ಯಾಕ್ಟರ್, ಬೈಕು, ಹೊಲಿಗೆ ಯಂತ್ರ, ಮಿಕ್ಸರ್ — ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂ. ಮಿಲ್ಲು ನಿನ್ನೆ ಸಂಜೆಯೇ ನಿಂತಿದೆ. ಉಳಿದದ್ದು ಮಾಳಿಗೆಯ ಕಂಪ್ಯೂಟರ್ ಒಂದೇ.

"ಅದನ್ನ ಆರಸೂದು ಬ್ಯಾಡ್ರಿ ಅತ್ತಿ," ಎಂದಳು ನೇತ್ರಾ. "ಪರೀಕ್ಷೆ ಮುಗಿಯೂತನಕ ಏನೂ ಬದಲ ಮಾಡಬ್ಯಾಡ ಅಂದಾನ ಅಣ್ಣ. ನಾ ಮೂರು ತಿಂಗಳಿಂದ ಆರಿಸಿಲ್ಲ. ಬರೇ ಮಲಗಸ್ತೇನಿ."

"ಮಲಗಸ್ತಿ? ಅದೇನು ಕೂಸೇನು?"

"ಹಂಗ ಅಂತಾರ್ರಿ ಅದಕ್ಕ."

"ಎತ್ತಿನ ಹೆಗಲಿನ ನೊಗಾ ಇಳಿಸಿ ಪೂಜೆ ಮಾಡ್ತೇವಿ. ದುಡಿಯೂ ಸಾಮಾನಿಗೆ ಇವತ್ತೊಂದು ದಿನ ದಣಿವು ಆರಬೇಕು. ತಿರುಗೂ ಯಂತ್ರಕ್ಕ ವಿಭೂತಿ ಹಚ್ಚಿದ್ದು ಈ ಮನ್ಯಾಗ ಎಂದರ ನೋಡೀಯೇನು?"

ಅಷ್ಟರಲ್ಲಿ ಹೂರಣ ತಳ ಹಿಡಿಯುವ ವಾಸನೆ ಬಂತು, ಕೆಳಗೆ ಓಡಿದಳು. ನಾನೇ ಆರಿಸಿದೆ. ಬಾಣ ಒಯ್ದು ಎಲ್ಲಿ ಒತ್ತಬೇಕೆಂದು ನೋಡಿ ಕಲಿತಿದ್ದೇನೆ. ಪರದೆ ಇಂಗ್ಲಿಷಿನಲ್ಲಿ ಏನೋ ಕೇಳಿತು — ಅಪ್‌ಡೇಟ್, ಇನ್‌ಸ್ಟಾಲ್, ರಿಸ್ಟಾರ್ಟ್. ನಾನೂ ಎಸ್ಸೆಸ್ಸೆಲ್ಸಿ. ಇಂಗ್ಲಿಷಿನಲ್ಲಿ ಐವತ್ತೆಂಟು. ಬಣ್ಣ ತುಂಬಿದ ಗುಂಡಿ ಒತ್ತಿದೆ. ಬಿಳಿ ಅಕ್ಷರ ಸಾಲುಸಾಲಾಗಿ ಓಡಿದವು, ಆರಿತು, ಮತ್ತೆ ತಾನೇ ಹೊತ್ತಿತು. ಎರಡನೇ ಸಲ ಆರಿಸಿದೆ.

ಆಮೇಲೆ ಒರೆಸಿದೆ. ಹಿಂದೆ ಚುಚ್ಚಿದ ಒಂದು ಸಣ್ಣ ತುಂಡು ಇದೆ, ಹೆಬ್ಬೆರಳ ಉಗುರಿನಷ್ಟು. ಡಾಂಗಲ್ ಎನ್ನುತ್ತಾರೆ. ಜೂನಿನ ಸಿಡಿಲಿಗೆ ಕಂಪ್ಯೂಟರಿನ ಇಂಟರ್ನೆಟ್ ವೈರಿನ ತೂತು ಸುಟ್ಟುಹೋಯಿತಲ್ಲ, ಅಂದಿನಿಂದ ಕೆಳಗಿನ ಪಡಸಾಲೆಯ ವೈಫೈ ಡಬ್ಬಿಯಿಂದ ಗಾಳಿಯಲ್ಲಿ ಬರುವ ಇಂಟರ್ನೆಟ್ಟನ್ನು ಹಿಡಿದುಕೊಡುವುದು ಇದೇ. ಹಿಡಿದಾಗ ನೀಲಿ ದೀಪ. ಅದನ್ನೂ ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ತೇದು ಮೂರು ಗೆರೆ ಎಳೆದೆ. ತಗಡಿನ ಬಾಯಿಗೂ ಸ್ವಲ್ಪ ಹೋಯಿತು. ಇದ್ದಲ್ಲೇ ತುರುಕಿದೆ.

ಈ ಕಂಪ್ಯೂಟರ್ ಇರುವ ಗೂಡಿನಲ್ಲೇ, ಯಜಮಾನರು ಬದುಕಿದ್ದಾಗ, ಅವರ ರೇಡಿಯೊ ಇತ್ತು. ಮಾಳಿಗೆಯ ಈ ಗೋಡೆಯಿಂದ ಆ ಗೋಡೆಗೆ ತಾಮ್ರದ ಜಾಳಿಗೆಯ ಏರಿಯಲ್. ಮದುವೆಯಾದ ವರ್ಷ ಕಟ್ಟಿದ್ದು. ನಾನು ಕುರ್ಚಿ ಹಿಡಿದಿದ್ದೆ, ಅವರು ಮೊಳೆ ಹೊಡೆದರು. ಖಂಡೆಪೂಜೆಯ ದಿನ ರೇಡಿಯೊಕ್ಕೆ ವಿಭೂತಿ ಹಚ್ಚುತ್ತ, "ಧಾರವಾಡದ ಸ್ಟೇಶನ್ನಿಗೂ ಹತ್ತಿತು ನೋಡ ಇದು," ಎಂದು ನಗುತ್ತಿದ್ದರು. ಅತ್ತೆಗೆ ಕೇಳಬಾರದೆಂದು ನಾನು ಸೆರಗು ಬಾಯಿಗೆ ಹಿಡಿಯುತ್ತಿದ್ದೆ. ಹದಿನೇಳು ವರ್ಷ ನನಗೆ. ಜಾಳಿಗೆಯ ಒಂದು ಮೊಳೆ ಗೋಡೆಯಲ್ಲಿ ಇನ್ನೂ ಇದೆ. ಇವತ್ತು ಅದಕ್ಕೂ ಒಂದು ಹೂ ಸಿಕ್ಕಿಸಿದೆ.

3 ಅಕ್ಟೋಬರ್, ಶುಕ್ರವಾರ. ಬೆಳಿಗ್ಗೆ 7

ನಿನ್ನೆ ಬರೆಯಲಿಲ್ಲ. ದಸರೆಯ ಬನ್ನಿ ಕೊಡಲು ಬಂದವರು ಬಹಳ. ಅದೊಂದೇ ಕಾರಣವಲ್ಲ.

ನಿನ್ನೆ ಮಧ್ಯಾಹ್ನ ನೇತ್ರಾ ಕಂಪ್ಯೂಟರ್ ಹಚ್ಚಿದಳು. ಎಲ್ಲ ಬಂತು, ನೀಲಿ ದೀಪ ಬರಲಿಲ್ಲ. ವೈಫೈ ಅಡಾಪ್ಟರ್ ಸಿಗುತ್ತಿಲ್ಲ ಎಂದು ಪರದೆ ಬರೆದು ತೋರಿಸಿತು. ಆರಿಸಿ ಹಚ್ಚಿದಳು. ಕಿತ್ತು ಬೇರೆ ತೂತಿಗೆ ಹಾಕಿದಳು. ಮತ್ತೆ ಆರಿಸಿ ಹಚ್ಚಿದಳು. ಇಲ್ಲ.

ಕೆಳಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅತ್ತಿ, ನಿನ್ನೆ ಮ್ಯಾಲೆ ಏನರ ಮುಟ್ಟಿದ್ರೇನ್ರಿ?"

"ಆರಿಸಿದೆ. ಹೂ ಇಟ್ಟೆ. ಮತ್ತೇನು ಮಾಡ್ಲಿ?"

ಬಾಯಿ ತಾನೇ ಹೇಳಿಬಿಟ್ಟಿತು.

"ಅಷ್ಟ ಏನ್ರಿ?"

"ಅಷ್ಟ ಅಂದೆನಲ್ಲ."

ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಇರ್ಲಿ ಬಿಡ್ರಿ," ಎಂದು ಮೇಲೆ ಹೋದಳು.

ವಿಭೂತಿಯ ನೀರು ಒಳಗೆ ಇಳಿದು ಕೆಟ್ಟಿರಬೇಕು. ಬೇರೆ ಏನು? ಹೇಳುವುದು ಹೇಗೆ? ಜೂನಿನಲ್ಲಿ ಆಡಿದ ಮಾತು ಎಲ್ಲರ ಕಿವಿಯಲ್ಲಿದೆ. ಬಾಯಲ್ಲಿ ಬೇಡ ಅಂದಳು, ಆಗಲಿಲ್ಲ, ಪೂಜೆಯ ನೆವದಲ್ಲಿ ಕೆಡಿಸಿಟ್ಟಳು — ಬೀಗರ ಮನೆಯಲ್ಲಿ ಇದೇ ಮಾತು. ನಾನು ಬೇಡವೆಂದರೆ ಮುಖದ ಮೇಲೆ ಅನ್ನುವವಳು. ಕದ್ದು ಕೈ ಆಡಿಸಿದ ಹೆಂಗಸು ಎಂದು ನಲವತ್ತೊಂಬತ್ತು ವರ್ಷದಲ್ಲಿ ಯಾರೂ ಅಂದಿಲ್ಲ.

ಇನ್ನು ಮೂರು ದಿನ ಅವಳಿಗೆ.

ಅದೇ ದಿನ. ಮಧ್ಯಾಹ್ನ 3

ಹಿರೇಕೆರೂರಿಗೆ ಫೋನು. ನೇತ್ರಾಳ ಅಣ್ಣ ರುದ್ರೇಶ ಅಲ್ಲಿ ಐಟಿಐ ಮಾಸ್ತರ. ಯಾರೋ ಬಿಸಾಡಿದ ಕಂಪ್ಯೂಟರನ್ನು ರಿಪೇರಿ ಮಾಡಿ, ಲಿನಕ್ಸ್ ಎಂಬುದನ್ನು ಹಾಕಿ, ತಂಗಿಗೆ ತಂದುಕೊಟ್ಟವನು ಅವನೇ. ಬರಲು ಆಗದು. ಹೆಂಡತಿಗೆ ನಿನ್ನೆಯಿಂದ ಹೆರಿಗೆ ಬೇನೆ, ಆಸ್ಪತ್ರೆಯ ಜಗುಲಿಯಿಂದ ಮಾತಾಡುತ್ತಿದ್ದ. ನೇತ್ರಾ ಮೊಬೈಲನ್ನು ಸ್ಪೀಕರಿಗೆ ಹಾಕಿ ಅವನು ಹೇಳಿದ ಹಾಗೆ ಟೈಪು ಮಾಡಿದಳು. ನಾನು ಹೂಬತ್ತಿ ಹೊಸೆಯುವ ನೆವದಲ್ಲಿ ಹಿಂದೆ ಕೂತಿದ್ದೆ.

"ಎಲ್ ಎಸ್ ಯು ಎಸ್ ಬಿ ಅಂತ ಹೊಡಿ. ಏನೇನು ಬಂತು ಓದು."

ಓದಿದಳು. ಮೌಸ್ ಇದೆ. ಕ್ಯಾಮೆರಾ ಇದೆ. ಡಾಂಗಲ್ಲಿನ ಹೆಸರೂ ಇದೆ.

"ಹೆಸರೈತಿ, ಉಸಿರಿಲ್ಲ ಹಂಗಾರ. ಏನರ ಅಪ್‌ಡೇಟ್ ಮಾಡೀಯೇನು?"

"ಇಲ್ಲಣ್ಣ."

"ಮತ್ತ ಏನು ಬದಲಾತು? ಏನರ ಬದಲಾಗದ ಹಿಂಗ ಆಗೂದಿಲ್ಲ."

ನನ್ನ ಕೈಯ ಬತ್ತಿ ನಿಂತಿತು. ನೇತ್ರಾ ಹಿಂದೆ ತಿರುಗಿ ನೋಡಲಿಲ್ಲ. "ಏನೂ ಬದಲಾಗಿಲ್ಲ. ಬರೇ ಆರಿಸಿ ಹಚ್ಚಿದ್ದು."

"ಹಂಗಾರ ಡಾಂಗಲ್ಲೇ ಸತ್ತಿರಬೇಕು. ಹೊಸಾದು ತಗೊಂಡುಬಿಡ್ರಿ..." ಅಷ್ಟರಲ್ಲಿ ಅವನನ್ನು ನರ್ಸ್ ಕೂಗಿದಳು.

ಆಗ ನಾನೇ ಹೇಳಿದೆ. "ಮೊದಲ ಇದನ್ನ ಬ್ಯಾರೇ ಯಂತ್ರಕ್ಕ ಹಚ್ಚಿ ನೋಡೂಣು. ಅಲ್ಲಿ ಹತ್ತಿದ್ರ ಕೆಡುಕು ನಮ್ಮ ಕಡೆ. ಹತ್ತಲಿಲ್ಲಂದ್ರ ಇದರದು."

"ನಿಮಗ ಹೆಂಗ್ ಗೊತ್ರಿ ಇದೆಲ್ಲ?"

"ನಮ್ಮಪ್ಪ ತಾರು ಮಾಸ್ತರ."

ಅವಳಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ಇಡೀ ಮಧ್ಯಾಹ್ನ ಮನಸ್ಸಿನಲ್ಲೇ ಬಂಕಾಪುರದ ತವರಿನಲ್ಲಿ ಇದ್ದೆ. ಅಂಚೆ ಕಚೇರಿಯ ಹಿಂದಿನ ಎರಡು ಕೋಣೆ ನಮ್ಮ ಮನೆ. ಕೋಟೆಯ ಕಡೆಯಿಂದ ನವಿಲಿನ ಕೂಗು, ಮುಂದಿನ ಕೋಣೆಯಿಂದ ಟೆಲಿಗ್ರಾಫ್ ತಾರಿನ ಕಟ್ಟು-ಕಡ, ಕಟ್ಟು-ಕಡ. ಲೈನು ಸತ್ತಾಗ ಅಪ್ಪ ಮೊದಲು ಶಿಗ್ಗಾಂವಿಯನ್ನು ಕರೆಯುತ್ತಿದ್ದ. ಉತ್ತರ ಬಂದರೆ ಆ ಬದಿ ಸರಿ, ಕೆಡುಕು ಸವಣೂರಿನ ಬದಿ. ಅರ್ಧ ದಾರಿಯನ್ನು ಬಿಟ್ಟುಬಿಡುವುದು. ಉಳಿದ ಅರ್ಧದಲ್ಲಿ ಮತ್ತೆ ಅರ್ಧ. ಒಂದು ಸಲ ಸವಣೂರಿನ ದಾರಿಯಲ್ಲಿ ಕಾಗೆಯ ಗೂಡಿನ ಕಡ್ಡಿ ತಂತಿಗೆ ತಾಗಿದ್ದನ್ನು ಹಾಗೆಯೇ ಹುಡುಕಿ ತೆಗೆದರು. ಗೂಡನ್ನು ಮುಟ್ಟದೆ ಕಡ್ಡಿ ಮಾತ್ರ ಮುರಿದು ಬರಬೇಕೆಂದು ಲೈನ್‌ಮನ್ ಯಲ್ಲಪ್ಪನಿಗೆ ಅಪ್ಪ ತಾಕೀತು ಮಾಡಿದ್ದ.

ಅಕ್ಕಿ ಕೇರಲು ಬಂದ ಶಾರವ್ವ ಎಲ್ಲ ಕೇಳಿಸಿಕೊಂಡು, "ಅವ್ವಾರ, ಅದಕ್ಕ ದೃಷ್ಟಿ ಆಗೇತ್ರಿ. ಉಪ್ಪು ಮೆಣಸಿನಕಾಯಿ ಇಳಿ ತಗೀರಿ," ಎಂದಳು.

"ನಿನ್ನ ಬಾಯಿಗೆ ಮೊದಲ ತಗೀತೇನಿ, ತಡಿ," ಎಂದೆ. ಅವಳು ಮೊರ ಕುಟ್ಟಿ ನಕ್ಕಳು.

4 ಅಕ್ಟೋಬರ್, ಶನಿವಾರ. ಸಂಜೆ 6

ಹತ್ತರ ಬಸ್ಸಿಗೆ ಹಾನಗಲ್. ನೇತ್ರಾ, ನಾನು. "ನೀವ್ಯಾಕ್ರಿ ಅತ್ತಿ, ಬಿಸಲಾಗ?" ಎಂದಳು. ಕಿಟಕಿಯ ಬದಿ ಕೂತೆ. ಡಾಂಗಲ್ಲನ್ನು ನನ್ನ ಚಂಚಿಯಲ್ಲಿ ಅಡಿಕೆಯ ಜೊತೆ ಇಟ್ಟುಕೊಂಡಿದ್ದೆ.

ಬಸ್ ನಿಲ್ದಾಣದ ಎದುರು ಅನೀಸನ ಕಂಪ್ಯೂಟರ್ ಅಂಗಡಿ. ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ಎಣಿಸಿ ಐದು ಉಸಿರು. ನೀಲಿ ದೀಪ.

"ಇದಕ್ಕೇನೂ ಆಗಿಲ್ರಿ ಅಮ್ಮಾರ. ಫಸ್ಟ್ ಕ್ಲಾಸ್ ಐತಿ. ರೋಗ ನಿಮ್ಮ ಮಷೀನಿನ್ಯಾಗ. ಯಾವ ವಿಂಡೋಸ್ ಹಾಕೀರಿ?"

"ಲಿನಕ್ಸ್," ಎಂದಳು ನೇತ್ರಾ.

ಅನೀಸ ಎರಡೂ ಕೈ ಎತ್ತಿ ಮುಗಿದ. "ಯಪ್ಪಾ! ಅದರ ಗೊಡವಿ ನನಗ ಬ್ಯಾಡ್ರಿ. ಅದು ನಮ್ಮ ದೊಡ್ಡ ಮಾಮಾ ಇದ್ದಂಗ. ಭಾಳ ಶಾಣ್ಯಾ, ಆದ್ರ ಯಾರ ಕೂಡಾನೂ ಮಾತಾಡೂದಿಲ್ಲ." ಆದರೂ ಬೇರೆ ಒಂದು ಡಾಂಗಲ್ ಕೊಟ್ಟ. "ಹಚ್ಚಿ ನೋಡ್ರಿ. ಹತ್ತಲಿಲ್ಲಂದ್ರ ಸೋಮವಾರ ವಾಪಸ್ ಕಳಸ್ರಿ."

ಅವನ ಲ್ಯಾಪ್‌ಟಾಪಿನಲ್ಲೇ ಪರೀಕ್ಷೆ ಬರೆಯಬಹುದಲ್ಲ ಎಂದೆ. ಆಗದಂತೆ. ಹದಿನೈದು ದಿನ ಮೊದಲೇ ಯಂತ್ರವನ್ನು ನೋಂದಾಯಿಸಿರಬೇಕು, ಅದರಲ್ಲೇ ಬರೆಯಬೇಕು. ಮೊಬೈಲಿಗೆ ವೈರು ಕಟ್ಟಿ ಇಂಟರ್ನೆಟ್ ತೆಗೆದುಕೊಳ್ಳುವುದನ್ನೂ ಅವಳು ನಿನ್ನೆ ನೋಡಿದ್ದಾಳೆ. ನಮ್ಮ ಮಣ್ಣಿನ ಗೋಡೆಯೊಳಗೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಎರಡು ನಿಮಿಷ ಕಡಿದರೆ ಪರೀಕ್ಷೆ ಮುಗಿದಂತೆಯೇ.

ಆ ನೀಲಿ ದೀಪ ಕಂಡಾಗ ನನ್ನ ಎದೆಯ ಕಲ್ಲು ಇಳಿಯಿತು. ಕೆಡಿಸಿದ್ದು ನನ್ನ ವಿಭೂತಿಯಲ್ಲ. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಹಾಗೆಂದು ಸಂತೋಷಪಟ್ಟೆ. ಪಕ್ಕದಲ್ಲಿ ನೇತ್ರಾ ನಿಂತಿದ್ದಳು, ಇದ್ದ ಒಂದು ದಾರಿಯೂ ಮುಚ್ಚಿಹೋದವಳ ಮುಖ. ನನ್ನ ಸಂತೋಷದ ಬಗ್ಗೆ ನನಗೇ ಅಸಹ್ಯವಾಯಿತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಹಳೆಯ ವಾಚನಾಲಯ ಇದ್ದ ಓಣಿಯ ತುದಿಗೆ ನಡೆದುಹೋದೆ. ಈಗ ಅಲ್ಲಿ ಗೊಬ್ಬರದ ಅಂಗಡಿ. ಕಟ್ಟೆ ಮಾತ್ರ ಅದೇ ಕಲ್ಲು. ಮಿಲ್ಲಿನ ಕೆಲಸಕ್ಕೆಂದು ಹಾನಗಲ್ಲಿಗೆ ಬಂದಾಗಲೆಲ್ಲ ಯಜಮಾನರು ಇಲ್ಲಿಂದ ನನಗೆ ಕಾದಂಬರಿ ಒಯ್ಯುತ್ತಿದ್ದರು. ಚುರಮುರಿ ಚೀಲದ ತಳದಲ್ಲಿ ಪುಸ್ತಕ, ಮೇಲೆ ಚುರಮುರಿ. ಅತ್ತೆ ಚೀಲ ಮುಟ್ಟಿ, "ಇಷ್ಟ ಚುರಮುರಿ ಯಾರು ತಿಂತಾರೋ?" ಎನ್ನುವುದು. ಅವರು, "ನಿನ್ನ ಸೊಸಿಗೆ ಭಾಳ ಸೇರ್ತಾವಬೇ," ಎನ್ನುವುದು. ರೇಡಿಯೊ ಒರೆಸುತ್ತೇನೆಂದು ಮಾಳಿಗೆಗೆ ಹೋಗಿ ನಿಂತುಕೊಂಡೇ ಓದುತ್ತಿದ್ದೆ. ಕೂತರೆ ಕೆಳಗೆ ಹಲಗೆಯ ಸದ್ದು ಕೇಳುತ್ತಿತ್ತು. ನನ್ನ ಓದೆಲ್ಲ ನಿಂತುಕೊಂಡೇ ಆದದ್ದು.

ವಾಪಸು ಬಸ್ಸಿನಲ್ಲಿ ನೇತ್ರಾ ಕೇಳಿದಳು, "ಅತ್ತಿ, ನೀವು ಪುಸ್ತಕಾ ಓದತಿದ್ರೇನ್ರಿ?"

"ಹೊತ್ತೆಲ್ಲಿತ್ತು?" ಎಂದೆ.

ಇದೂ ಸುಳ್ಳು. ಮೂರು ದಿನದಲ್ಲಿ ಎರಡನೆಯದು.

ಅನೀಸನ ಡಾಂಗಲ್ಲೂ ಹತ್ತಲಿಲ್ಲ.

5 ಅಕ್ಟೋಬರ್, ಭಾನುವಾರ. ಬೆಳಿಗ್ಗೆ 9

ರುದ್ರೇಶನಿಗೆ ಹೆಣ್ಣು ಕೂಸು. ನಿನ್ನೆ ಸಂಜೆ. ಬಾಣಂತಿ, ಕೂಸು ಇಬ್ಬರೂ ಕ್ಷೇಮ. ನೇತ್ರಾ ನಕ್ಕು ಫೋನಿಟ್ಟು, ಮಾಳಿಗೆಗೆ ಹೋಗಿ ಪುಸ್ತಕಗಳನ್ನೆಲ್ಲ ಹಳೆಯ ಲುಂಗಿಯಲ್ಲಿ ಗಂಟು ಕಟ್ಟಿ ತಂದು ಟ್ರಂಕಿನ ಮೇಲೆ ಇಟ್ಟಳು.

"ಏನದು?"

"ಮುಂದಿನ ವರ್ಷ ನೋಡೂಣ್ರಿ. ನಾಳೆ ಶೀಗಿ ಹುಣ್ಣಿವಿ, ಕಡಬಿಗೆ ಹಿಟ್ಟು ಬೀಸಬೇಕು."

"ಆ ಶಾಲಿ ಕೆಲಸ?"

"ಬ್ಯಾರೆಯವರು ಇರ್ತಾರ್ರಿ ಅದಕ್ಕ."

ಅಳಲಿಲ್ಲ. ಅತ್ತಿದ್ದರೆ ಗದರಿಸಬಹುದಿತ್ತು. ಪುಂಡಿಪಲ್ಯ ಸೋಸಲು ಕೂತಳು, ಒಂದೊಂದೇ ಎಲೆ, ನಾನು ಕಲಿಸಿಕೊಟ್ಟ ಹಾಗೆಯೇ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಾನೂ ಹೀಗೇ ಕೂತಿದ್ದೆ. ಬಂಕಾಪುರದಲ್ಲಿ ಹುಡುಗಿಯರಲ್ಲಿ ಮೊದಲು ನಾನೇ. ಪರೀಕ್ಷೆ ಬರೆದದ್ದು ಸವಣೂರಿನಲ್ಲಿ. ಕೈಯೆಲ್ಲ ಮಸಿ, ಮೈಯೆಲ್ಲ ಹೆಮ್ಮೆ. ವಾಪಸು ಬರುವಾಗ ಅಪ್ಪ ಸವಣೂರಿನ ವೀಳ್ಯದೆಲೆ ಕೊಡಿಸಿದ್ದ, ದೊಡ್ಡವರಿಗೆ ಕೊಟ್ಟ ಹಾಗೆ. ಫಲಿತಾಂಶದ ತಾರು ಅಪ್ಪನ ಕೈಗೇ ಬಂತು, ತಾನೇ ಬರೆದುಕೊಂಡ. ಅದೇ ವಾರ ಅಕ್ಕಿಆಲೂರಿನ ಈ ಮನೆಯವರು ನೋಡಲು ಬಂದರು. ಹಾವೇರಿಯ ಕಾಲೇಜಿನ ಅರ್ಜಿ ಹಾಗೇ ಉಳಿಯಿತು. ಯಾರನ್ನೂ ದೂರುವುದಿಲ್ಲ. ಒಳ್ಳೆಯ ಮನೆ, ಒಳ್ಳೆಯ ಗಂಡ. ಆದರೆ ಆ ವಾರ ಸೋಸಿದ ಪಲ್ಯದ ಬಣ್ಣ ಇನ್ನೂ ನೆನಪಿದೆ.

ಬಂಕಾಪುರದ ಇನ್ನೊಂದು ಮಾತೂ ನೆನಪಾಗುತ್ತಿದೆ. ಸವಣೂರಿನ ಲೈನು ಎರಡು ದಿನ ಸತ್ತಿತ್ತು. ಅಪ್ಪ ಎಲ್ಲರನ್ನೂ ಬೈದ, ಯಲ್ಲಪ್ಪನನ್ನು ಸುಡುಬಿಸಿಲಲ್ಲಿ ಕಂಬಕಂಬಕ್ಕೂ ಓಡಿಸಿದ. ಮೂರನೆಯ ದಿನ ಗೊತ್ತಾಯಿತು. ಬ್ಯಾಟರಿ ಒರೆಸಿದ ಮೇಲೆ ಅಪ್ಪನೇ ಒಂದು ತಿರುಪು ಬಿಗಿದಿರಲಿಲ್ಲ. ಯಾರೂ ನೋಡಿರಲಿಲ್ಲ. ಸುಮ್ಮನೆ ಬಿಗಿದು ಬಾಯಿ ಮುಚ್ಚಿಕೊಳ್ಳಬಹುದಿತ್ತು. ಅಪ್ಪ ಬಿಗಿದ, ಕಚೇರಿಯ ಪುಸ್ತಕ ತೆರೆದು 'ದೋಷ ನಮ್ಮ ಕಡೆಯದು' ಎಂದು ಬರೆದು ಸಹಿ ಹಾಕಿದ. ಯಲ್ಲಪ್ಪನನ್ನು ಒಳಗೆ ಕರೆದು ಅದನ್ನು ಓದಿ ಹೇಳಿದ, ಅವನಿಗೆ ಓದು ಬಾರದೆಂದು. ಅಪ್ಪನಂಥ ಗರ್ವಿಷ್ಠ ಆ ಊರಲ್ಲಿ ಇನ್ನೊಬ್ಬನಿರಲಿಲ್ಲ.

ಅದೇ ದಿನ. ಸಂಜೆ 4

ಊಟ ಆದ ಮೇಲೆ ನೇತ್ರಾಳಿಗೆ ಹೇಳಿದೆ. "ಹಿರೇಕೆರೂರಿಗೆ ಫೋನ್ ಹಚ್ಚು."

"ಈಗ ಯಾಕ್ರಿ? ಅವ ಕೂಸಿನ ಗದ್ದಲದಾಗ ಅದಾನ."

"ಹಚ್ಚು ಅಂದ್ರ ಹಚ್ಚು. ಸ್ಪೀಕರಿಗೆ ಹಾಕು."

ಸೊಸೆಯ ಅಣ್ಣ. ಬೀಗ. ಈ ಮನೆಗೆ ಬಂದರೆ ಕಂಬಳಿ ಹಾಸಿ ಕೂರಿಸುತ್ತೇವೆ, ಆದರೂ ಮಾತಿನಲ್ಲಿ ಒಂದು ಮೆಟ್ಟಿಲು ಮೇಲೆ ನಾವೇ ನಿಂತಿರುತ್ತೇವೆ. ಗಂಡಿನ ಕಡೆಯವರು. ನಲವತ್ತೊಂಬತ್ತು ವರ್ಷ ಅಲ್ಲೇ ನಿಂತಿದ್ದೆ.

"ರುದ್ರೇಶ, ಕೂಸು ಹೆಂಗೈತಿ?"

"ಆರಾಮ ಐತ್ರಿ ಅವ್ವಾರ. ನಿಮ್ಮ ಆಶೀರ್ವಾದ."

"ಕೇಳು. ಮೊನ್ನೆ ನೀ ಏನು ಬದಲಾತು ಅಂತ ಕೇಳಿದ್ಯಲ್ಲ, ದೋಷ ನಮ್ಮ ಕಡೆದು. ನಂದು. ನೇತ್ರಾ ಬ್ಯಾಡ ಅಂದ್ರೂ ಯಂತ್ರಾ ನಾ ಆರಿಸಿದೆ. ಆ ಡಾಂಗಲ್ ಕಿತ್ತು, ಒದ್ದಿ ಅರಿವಿಲೆ ಒರಿಸಿ, ವಿಭೂತಿ ಹಚ್ಚಿದೆ. ಆಕಿ ಕೇಳಿದಾಗ ಇಲ್ಲ ಅಂದೆ."

ಆ ಕಡೆ ಕೂಸು ಕುಂಯ್ ಎಂದಿತು.

"ವಿಭೂತಿಯಿಂದ ಏನೂ ಆಗಿಲ್ರಿ ಅವ್ವಾರ. ಹಾನಗಲ್ಲಾಗ ಹತ್ತೇತಲ್ಲ. ಅದಕ್ಯಾಕ ಇಷ್ಟು..."

"ನಂದು ಮುಗಿದಿಲ್ಲ. ಆರಸೂ ಮುಂದ ಪರದೆ ಏನೋ ಕೇಳಿತು. ಅಪ್‌ಡೇಟ್, ಇನ್‌ಸ್ಟಾಲ್, ರಿಸ್ಟಾರ್ಟ್ ಅಂತ. ನಾ ಒತ್ತಿದೆ. ಅಕ್ಷರ ಓಡಿದ್ವು. ತಾನ ಆರಿ ತಾನ ಹತ್ತಿತು."

"ಏನಂದ್ರಿ? ಇನ್ನೊಮ್ಮೆ ಹೇಳ್ರಿ!"

ಹೇಳಿದೆ.

"ಅಯ್ಯಯ್ಯೋ ಅವ್ವಾರ!" ಎಂದು ಅವನು ಆಸ್ಪತ್ರೆಯಲ್ಲಿ ಕೂಗಿಬಿಟ್ಟ. ಯಾರೋ ಅವನಿಗೆ ಸುಮ್ಮನಿರಲು ಹೇಳಿದರು. "ಕರ್ನಲ್ ಬದಲಾಗೇತ್ರಿ! ಹೊಸಾ ಕರ್ನಲ್ ಬಂದು ಕುಂತೈತಿ. ಡಾಂಗಲ್ ನಡಸೂ ಡ್ರೈವರ್ ನಾ ಕೈಯಾರೆ ಹಳೇದಕ್ಕ ಕೂಡಿಸಿದ್ದೆ. ಹೊಸಾದಕ್ಕ ಇದರ ಗುರ್ತನ ಇಲ್ಲ."

"ಕರ್ನಲ್ ಅಂದ್ರ?"

"ತೆಂಗಿನಕಾಯಾಗ ಕೊಬ್ರಿ ಇದ್ದಂಗ್ರಿ. ಯಂತ್ರದ ಒಳತಿರುಳು. ಹಳೇದು ಹೋಗಿರೂದಿಲ್ಲ, ಒಳಗ ಇರ್ತೈತಿ. ನೇತ್ರಾ, ಓಡು ಮ್ಯಾಲೆ! ಹಚ್ಚೂ ಮುಂದ ಶಿಫ್ಟ್ ಒತ್ತಿ ಹಿಡಿ, ಪಟ್ಟಿ ಬರ್ತೈತಿ."

ಓಡಿದಳು. ನಾನೂ ಹತ್ತಿದೆ, ಮೊಣಕಾಲು ಹಿಡಿದು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು. ಮೇಲೆ ಹೊಸದು. ಅದರ ಕೆಳಗೆ ಹಳೆಯದು, ತನ್ನ ಅಂಕಿಯ ಜೊತೆ, ಯಾರಾದರೂ ಕರೆದಾರೆಂದು ಕಾದು ಕೂತ ಹಾಗೆ.

"ಎರಡನೇ ಸಾಲಿಗೆ ಇಳಿಸಿ ಎಂಟರ್," ಎಂದ ರುದ್ರೇಶ.

ನೇತ್ರಾ ಪಕ್ಕಕ್ಕೆ ಸರಿದಳು. "ನೀವ ಒತ್ರಿ ಅತ್ತಿ. ನಿಮಗ ರೂಢಿ ಐತಿ."

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕುಟುಕಿರಲಿಲ್ಲ. ಒತ್ತಿದೆ. ಅಕ್ಷರ ಓಡಿದವು. ಐದು ಉಸಿರು. ಏಳು. ನೀಲಿ ದೀಪ ಹತ್ತಿತು, ಮಿಣುಕಿತು, ನಿಂತಿತು.

ರುದ್ರೇಶ ಇನ್ನೂ ಒಂದಿಷ್ಟು ಟೈಪು ಮಾಡಿಸಿದ, ನಾಳೆ ತಾನಾಗಿ ಹೊಸದಕ್ಕೆ ಹೋಗದ ಹಾಗೆ. ಎರಡು ಸಲ ಆರಿಸಿ ಹಚ್ಚಿ ನೋಡಿದರು. ಎರಡೂ ಸಲ ಹತ್ತಿತು. ಫೋನಿಡುವಾಗ ಅವನು, "ಅವ್ವಾರ, ಇದು ಗುರುವಾರನ ಗೊತ್ತಾಗಿದ್ರ..." ಎಂದು ಅಲ್ಲಿಗೇ ನುಂಗಿಕೊಂಡ. ಒಳ್ಳೆಯ ಹುಡುಗ.

ಆಮೇಲೆ ನೇತ್ರಾ, ಪರದೆಯನ್ನೇ ನೋಡುತ್ತ, ಮೆಲ್ಲಗೆ ಹೇಳಿದಳು. "ಡಾಂಗಲ್ ಮ್ಯಾಲೆ ವಿಭೂತಿ ಇದ್ದದ್ದು ನಾ ಮೊದಲ ದಿನಾನ ನೋಡಿದ್ದೆ. ಒರಿಸಿಬಿಟ್ಟೆ."

"ನೋಡಿದ್ದಿ? ಮತ್ತ ಅಣ್ಣಗ ಏನೂ ಬದಲಾಗಿಲ್ಲ ಅಂದಿ?"

"ನಿಮ್ಮ ಹೆಸರು ಹೆಂಗ ಹೇಳ್ಲಿ ಅವನ ಮುಂದ? ನಮ್ಮ ತವರಿನವರು ನಿಮಗೊಂದು ಮಾತು ಅಂದ್ರ ನನಗ ಆಗೂದಿಲ್ಲ."

"ನಿನ್ನ ಪರೀಕ್ಷೆ ಹೋದ್ರ ಆಗ್ತಿತ್ತೇನು?"

ನನ್ನ ಮರ್ಯಾದೆ ನಾನು ಕಾದೆ. ನನ್ನ ಮರ್ಯಾದೆ ಅವಳೂ ಕಾದಳು. ನಡುವೆ ನಾಲ್ಕು ದಿನ ಆ ಯಂತ್ರ ಸತ್ತು ಬಿದ್ದಿತ್ತು.

ಪುಸ್ತಕದ ಗಂಟನ್ನು ಕೆಳಗಿನಿಂದ ತಂದು ನಾನೇ ಬಿಚ್ಚಿದೆ. ಪುಸ್ತಕ ಮೇಜಿನ ಮೇಲೆ ಜೋಡಿಸುವಾಗ ಹೇಳಿದೆ. "ಓದತಿದ್ದೆ. ಬಸ್ಸಿನ್ಯಾಗ ಕೇಳಿದ್ಯಲ್ಲ. ಇಲ್ಲೇ, ಈ ಕ್ವಾಣ್ಯಾಗ. ನಿಂತು."

"ನಿಂತ್ಯಾಕ್ರಿ?"

"ಈಗ ನೀ ಓದು. ಅದನ್ನ ಆಮ್ಯಾಲೆ ಹೇಳ್ತೇನಿ."

6 ಅಕ್ಟೋಬರ್, ಸೋಮವಾರ. 11.40

ಶುರುವಾಗಿ ಹತ್ತು ನಿಮಿಷ. ಒಂದೂವರೆಯವರೆಗೆ ಇದೆ.

ಎಲ್ಲರನ್ನೂ ಹೊಲಕ್ಕೆ ಕಳಿಸಿದೆ. ಸೋಮವಾರ, ಬಸವಣ್ಣನ ವಾರ, ಎತ್ತು ಹೂಡುವಂತಿಲ್ಲ, ಟ್ರ್ಯಾಕ್ಟರ್. ಕಡಬು, ಪುಂಡಿಪಲ್ಯ, ಬುತ್ತಿ, ಭೂಮಿತಾಯಿಗೆ ಚೆಲ್ಲುವ ಚರಗ, ಎಲ್ಲ ಬುಟ್ಟಿಗೆ ತುಂಬಿ ಕೊಟ್ಟೆ. "ನೀ ಬರದ ಚರಗ ಹೆಂಗ್ ಚೆಲ್ಲೂದಬೇ?" ಎಂದ ಶಂಭುಲಿಂಗ. ಕೈ ಇದೆಯಲ್ಲ, ಚೆಲ್ಲು ಎಂದೆ. ಮದುವೆಯಾಗಿ ಬಂದ ಮೇಲೆ ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗದ್ದು ಇದೇ ಮೊದಲು.

ಮಾಳಿಗೆಯ ಮೆಟ್ಟಿಲ ಬುಡದಲ್ಲಿ ಮಣೆ ಹಾಕಿಕೊಂಡು ಕೂತಿದ್ದೇನೆ. ಯಾರೂ ಹತ್ತಬಾರದು. ಟಿವಿ ಬಂದ್. ಕುಕ್ಕರ್ ಇಳಿಸಿದೆ. ಮೇಲಿನಿಂದ ಕೀಲಿಮಣೆಯ ಸದ್ದು ಬರುತ್ತಿದೆ. ಕೇಳುತ್ತ ಕೂತರೆ ಬಂಕಾಪುರದ ಮುಂದಿನ ಕೋಣೆಯಂತೆಯೇ ಇದೆ.

12.50

ಶಾರವ್ವ ಬಂದಿದ್ದಳು, ಬಾಗಿಲಲ್ಲೇ ಕೂಗುತ್ತ. "ಅವ್ವಾರ! ಏನ್ರಿ, ಹೊಲಕ್ಕ ಹೋಗಿಲ್ಲ? ಆರಾಮಿಲ್ಲೇನ್ರಿ?"

"ದನಿ ತಗ್ಗಸು. ಮ್ಯಾಲೆ ನಮ್ಮ ಸೊಸಿ ಪರೀಕ್ಷೆ ಬರಿಯಾಕತ್ತಾಳ."

"ಪರೀಕ್ಷೆ? ಈ ವಯಸ್ಸಿನ್ಯಾಗ? ಯಾಕ್ರಿ?"

"ಹಾನಗಲ್ಲಾಗ ಆಕಿ ಖುರ್ಚಿ ಕಾಯಾಕತ್ತೈತಿ. ಪುಸ್ತಕದ ಸಾಲಿಗೆಲ್ಲ ಆಕಿನ ಯಜಮಾನತಿ. ಓಣ್ಯಾಗೆಲ್ಲ ಹೇಳು, ಹೋಗು. ಇಲ್ಲಿ ಮಾತ್ರ ಬಾಯಿ ಮುಚ್ಚು."

ಬಾಯಿ ಮೇಲೆ ಕೈಯಿಟ್ಟುಕೊಂಡೇ ಹೋದಳು. ಇನ್ನರ್ಧ ಗಂಟೆಯಲ್ಲಿ ಸಂತೆಯವರೆಗೂ ಮುಟ್ಟಿಸುತ್ತಾಳೆ. ಮುಟ್ಟಿಸಲಿ.

ಕರೆಂಟ್ ಹೋಯಿತು. ಈಗಲೇ.

ಇನ್ವರ್ಟರ್ ಹಿಡಿಯಿತು. ವೈಫೈ ಡಬ್ಬಿಯ ದೀಪ ಇದೆ. ಮೇಲೆ ಸದ್ದು ನಿಂತಿಲ್ಲ, ಅವಳಿಗೆ ಗೊತ್ತೇ ಆಗಿಲ್ಲ. ನಲವತ್ತು ನಿಮಿಷ ಬೇಕು. ಇನ್ವರ್ಟರಿನ ಬ್ಯಾಟರಿ ಹಳೆಯದು, ಎಳೆಯುತ್ತದೋ ಇಲ್ಲವೋ. ಫ್ರಿಜ್ಜಿನ ಪ್ಲಗ್ಗು ತೆಗೆಯಬೇಕು. ಪಡಸಾಲೆಯ ಫ್ಯಾನು, ಅಡಿಗೆಮನೆಯ ಲೈಟು, ದೇವರ ಜಗಲಿಯ ಲೈಟಿನ ಸರ, ಅದನ್ನೂ ಆರಿಸಬೇಕು. ಬರೆಯುವುದು ಇರಲಿ, ಎದ್ದೆ.